ಗುಂಡ್ಯಾ ಮನೆಯೊಳಗೆ ಕಾಲೆತ್ತುವುದನ್ನು ಬಿಟ್ಟ ಬಗೆ

ನಮ್ಮ ಗುಂಡ್ಯಾ ಪಾಮೇರಿಯನ್. ಅಂದರೆ ನಮ್ಮ ಕಡೆ ಎಲ್ಲರೂ ಪಾಮೇರಿಯನ್ ಅಂತ ಕರೆಯುವ, ಆದರೆ ನಿಜವಾಗಿ ಇಂಡಿಯನ್ ಸ್ಪಿಟ್ಜ್ ಆಗಿರುವ ಬಿಳಿ ನಾಯಿ. ತೂಕ ಏಳು ಕಿಲೋ ಹತ್ತಿರ. ಹಾವೇರಿಯ ನೆಂಟರೊಬ್ಬರು ಬೆಂಗಳೂರಿಗೆ ಮಗನ ಮನೆಗೆ ಹೋಗುವಾಗ ನಮಗೆ ಕೊಟ್ಟು ಹೋದರು. ಆಗಲೇ ಅವನಿಗೆ ನಾಲ್ಕು ವರ್ಷ. ಅಲ್ಲಿ ದೊಡ್ಡ ಹಿತ್ತಲಿತ್ತು. ಬೇಕಾದಲ್ಲಿ ಕಾಲೆತ್ತುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆ ಮನೆ. ಪಡಸಾಲೆ, ನಡುಮನೆ, ಅಡುಗೆಮನೆ ಎಲ್ಲ ಒಂದರ ಹಿಂದೆ ಒಂದು. ನೆಲಕ್ಕೆ ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು. ಬಂದ ಸ್ವಲ್ಪ ದಿನಕ್ಕೇ ದಿವಾನದ ಕಾಲು, ಬಾಗಿಲ ಚೌಕಟ್ಟು, ಮೂಲೆಯಲ್ಲಿದ್ದ ಗೋಣಿಚೀಲ ಯಾವುದನ್ನೂ ಬಿಡಲಿಲ್ಲ.

ಉಚ್ಚೆ ಹೊಯ್ಯುವುದು ಬೇರೆ, ಗುರುತು ಹಾಕುವುದು ಬೇರೆ. ಒತ್ತಿ ಬಂದಾಗ ನಾಯಿ ಒಂದೇ ಕಡೆ ಪೂರ್ತಿ ಖಾಲಿ ಮಾಡುತ್ತದೆ, ನೆಲದ ಮೇಲೆ ಮಡು ನಿಲ್ಲುತ್ತದೆ. ಗುರುತು ಹಾಕುವ ನಾಯಿಗೆ ಹೆಚ್ಚಾಗಿ ನಿಂತ ವಸ್ತುವೇ ಬೇಕು. ಮೂಸುತ್ತದೆ, ಕಾಲೆತ್ತುತ್ತದೆ, ಒಂದೆರಡು ಚಮಚದಷ್ಟು ಬಿಟ್ಟು ಮುಂದೆ ಹೋಗುತ್ತದೆ. ಹೊರಗೆ ಅಡ್ಡಾಡಿ ಎಲ್ಲ ಮುಗಿಸಿ ಬಂದ ಮೇಲೂ ದಿವಾನದ ಕಾಲಿಗೆ ಎರಡು ಹನಿ ಬಿತ್ತು ಅಂದರೆ ಅದು ಬಹುತೇಕ ಗುರುತೇ. ಸೇಡು ತೀರಿಸ್ತಾನೆ, ಹಟ ಮಾಡ್ತಾನೆ ಅಂತ ಮನೆಯವರೆಲ್ಲ ಒಂದೊಂದು ಹೇಳುತ್ತಿದ್ದರು. ಹಾಗೇನಿಲ್ಲ. ಹೊಸ ಮನೆ, ಹೊಸ ವಾಸನೆ. ಅದರ ನಡುವೆ ತನ್ನ ವಾಸನೆಯೂ ಇರಲಿ ಅನ್ನೋದಷ್ಟೇ ಅವನ ಲೆಕ್ಕ.

ಆದರೂ ನಾನು ಮೊದಲು ಹೋಗಿದ್ದು ಪಶುವೈದ್ಯರ ಹತ್ತಿರ. ಮೂತ್ರದ ಸೋಂಕು, ಮೂತ್ರಕೋಶದಲ್ಲಿ ಕಲ್ಲು, ಸಕ್ಕರೆ ಕಾಯಿಲೆ, ಯಾವುದಿದ್ದರೂ ನಾಯಿ ಮನೆಯೊಳಗೆ ಸ್ವಲ್ಪ ಸ್ವಲ್ಪ ಮಾಡಬಹುದು. ಸಣ್ಣ ಜಾತಿಯ ನಾಯಿಗಳಲ್ಲಿ ಕಲ್ಲು ಅಪರೂಪವೂ ಅಲ್ಲ. ಬೆಳಗಿನ ಮೊದಲ ಉಚ್ಚೆ ಹಿಡಿದು ತರಲು ಹೇಳಿದರು. ಏಳು ಕಿಲೋ ನಾಯಿಯ ಕೆಳಗೆ ಬಾಟಲಿ ಹಿಡಿಯೋದು ಆಗದ ಮಾತು. ಉದ್ದ ಹಿಡಿಯ ಸ್ಟೀಲ್ ಸೌಟು ತೊಳೆದು ಒಣಗಿಸಿ ಇಟ್ಟುಕೊಂಡೆ. ಅವನು ಕಾಲೆತ್ತಿದ ತಕ್ಷಣ ಅಲ್ಲ, ಧಾರೆ ಶುರುವಾದ ಮೇಲೆ ಹಿಂದಿನಿಂದ ಸೌಟು ತಳ್ಳಬೇಕು. ಮೊದಲೇ ತಳ್ಳಿದರೆ ಗಾಬರಿಯಾಗಿ ಕಾಲು ಇಳಿಸಿಬಿಡುತ್ತಾನೆ. ಹಿಡಿದದ್ದನ್ನು ಶುದ್ಧ ಡಬ್ಬಿಗೆ ಹಾಕಿ ಒಂದೆರಡು ತಾಸಿನೊಳಗೆ ಕೊಡಬೇಕು, ತಡವಾಗುವುದಾದರೆ ಫ್ರಿಜ್‌ನಲ್ಲಿ ಇಡಬೇಕು. (ಆ ಸೌಟು ಮತ್ತೆ ಅಡುಗೆಮನೆಗೆ ಬರಲಿಲ್ಲ, ಅತ್ತೆ ಬರಗೊಡಲಿಲ್ಲ.) ವರದಿಯಲ್ಲಿ ಏನೂ ಇರಲಿಲ್ಲ. "ಇದು ರೋಗ ಅಲ್ರೀ, ರೂಢಿ. ರೂಢಿ ಬಿಡಸಾಕ ಗುಳಿಗಿ ಇಲ್ಲ," ಅಂದರು ವೈದ್ಯರು.

ಅಲ್ಲಿಂದ ಮುಂದೆ ನಾಯಿಗಿಂತ ಜಾಸ್ತಿ ಕೆಲಸ ಮಾಡಿದ್ದು ನೆಲದ ಮೇಲೆ. ತನ್ನದೇ ಹಳೆ ವಾಸನೆ ಉಳಿದ ಜಾಗಕ್ಕೆ ನಾಯಿ ತಿರುಗಿ ಬರುತ್ತದೆ. ನಮ್ಮ ಮೂಗಿಗೆ ಹೋಗಿದೆ ಅನ್ನಿಸಿದರೂ ಅದರ ಮೂಗಿಗೆ ಹೋಗಿರಲ್ಲ. ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ನೀರಿಗೆ ಸುಲಭವಾಗಿ ಕರಗಲ್ಲ, ಹರಳಾಗಿ ಸಂದಿನಲ್ಲಿ ಕೂತುಬಿಡುತ್ತದೆ. ಗಾಳಿಯಲ್ಲಿ ತೇವ ಏರಿದರೆ ಮತ್ತೆ ನಾತ ಏಳುತ್ತದೆ. ಧಾರವಾಡದ ಜುಲೈ ಮಳೆ ಗೊತ್ತಲ್ವಾ, ಬಟ್ಟೆಯೇ ಒಣಗಲ್ಲ. ಬೇಸಿಗೆಯಲ್ಲಿ ಮಾಡಿದ್ದೆಲ್ಲ ಮಳೆಗಾಲದಲ್ಲಿ ಎದ್ದು ಕೂರುತ್ತದೆ.

ಎಲ್ಲೆಲ್ಲಿ ಅಂತ ಹುಡುಕಲು ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ತಂದೆ. ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ರಾತ್ರಿ ದೀಪ ಆರಿಸಿ, ಕಿಟಕಿ ಮುಚ್ಚಿ, ಗೋಡೆಯ ಹತ್ತಿರ ಬಗ್ಗಿ ಟಾರ್ಚ್ ಹಿಡಿದರೆ ಒಣಗಿದ ಉಚ್ಚೆ ಮಂಕು ಹಳದಿ-ಹಸಿರಾಗಿ ಕಾಣುತ್ತದೆ. ಚೌಕಟ್ಟಿನ ಮೇಲಿಂದ ಗೆರೆಯಾಗಿ ಇಳಿದು, ಫರ್ಸಿಯ ಮೇಲೆ ಹನಿಯಾಗಿ, ಆಮೇಲೆ ಸಂದಿನುದ್ದಕ್ಕೂ ದಾರದ ಹಾಗೆ ಹರಿದಿತ್ತು. ನೆಲ ಮಾತ್ರ ನೋಡಿದರೆ ಸಾಲದು, ಮೇಲಕ್ಕೂ ನೋಡಿ. ಸಣ್ಣ ನಾಯಿಗಳು ಮೈಗೆ ಮೀರಿ ಕಾಲೆತ್ತುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ನಾಯಿ ಗಿಡ್ಡ ಇದ್ದಷ್ಟೂ ಕಾಲು ಹೆಚ್ಚು ಮೇಲೆ. ಗುಂಡ್ಯಾನ ಗುರುತು ನಾನು ಅಂದುಕೊಂಡಿದ್ದಕ್ಕಿಂತ ಒಂದು ಗೇಣು ಮೇಲಿತ್ತು. ಇಷ್ಟು ದಿನ ಯಾರೂ ಒರೆಸಿರದ ಜಾಗ ಅದು.

ಇನ್ನು ಒರೆಸೋದು ಯಾವುದರಿಂದ? ಎಲ್ಲರ ಮನೆಯಲ್ಲೂ ಫಿನೈಲ್. ಅದು ಒಂದು ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ ಅಷ್ಟೇ. ಕಪ್ಪು ಫಿನೈಲ್ ಅಂತೂ ಬೇಡವೇ ಬೇಡ. ಅದರ ಮೇಲೆ ಓಡಾಡಿ ನಾಯಿ ಪಾದ ನೆಕ್ಕಿಕೊಳ್ಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಉಚ್ಚೆಯದೇ ನಾತ ಕೊಡುತ್ತದೆ, ಬಾ ಅಂತ ಕರೆದ ಹಾಗೆ. ಬ್ಲೀಚಿಂಗ್ ನೀರನ್ನು ಹಸಿ ಉಚ್ಚೆಯ ಮೇಲೆ ಸುರಿದರೆ ಉಸಿರಿಗೆ ಕೆಟ್ಟ ಹೊಗೆ ಏಳುತ್ತದೆ. ವಿನೆಗರ್ ಹಾಕಿ, ಲಿಂಬೆರಸ ಹಾಕಿ ಅಂತ ಹೇಳುವವರು ಬಹಳ ಮಂದಿ ಸಿಗುತ್ತಾರೆ. ಹೊಳಪಿನ ಟೈಲ್ಸ್‌ಗೆ ಅದು ನಡೆಯುತ್ತದೆ. ಶಹಾಬಾದ್ ಫರ್ಸಿ ಮತ್ತು ಕಡಪಾ ಕಲ್ಲಿಗೆ ಬೇಡ. ಎರಡೂ ಸುಣ್ಣದ ಕಲ್ಲು, ಹುಳಿ ಬಿದ್ದರೆ ತಿನ್ನುತ್ತದೆ. ಹೊಳಪು ಹೋಗಿ ಮೇಲ್ಮೈ ಒರಟಾದರೆ ಕಲ್ಲು ಉಚ್ಚೆಯನ್ನು ಇನ್ನೂ ಜಾಸ್ತಿ ಕುಡಿಯುತ್ತದೆ. ಸಂಡಾಸು ತೊಳೆಯುವ ಆಸಿಡ್‌ಗೂ ಇದೇ ಮಾತು. ನಮ್ಮ ಭಾಗದ ಹಳೆ ಮನೆಯವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ನಾನು ಬಳಸಿದ್ದು ಸಾಕುಪ್ರಾಣಿಗಳ ಉಚ್ಚೆಗೆ ಅಂತಲೇ ಬರುವ, ನಾತದ ಮೂಲವನ್ನೇ ಒಡೆದು ಹಾಕುವ ಎನ್‌ಜೈಮ್ ಕ್ಲೀನರ್. ಅಗ್ಗವಲ್ಲ. ಆದರೆ ಹಾಕುವ ರೀತಿ ತಿಳಿದಿದ್ದರೆ ಪೋಲಾಗಲ್ಲ. ಮೊದಲು ಬರೀ ನೀರಿನಿಂದ ಒರೆಸಿ ಹಳೆ ಫಿನೈಲ್ ಪೂರ್ತಿ ತೆಗೆಯಬೇಕು, ಇಲ್ಲವಾದರೆ ಅದೇ ಎನ್‌ಜೈಮನ್ನು ಕೆಡಿಸುತ್ತದೆ. ಆಮೇಲೆ ಕ್ಲೀನರ್ ಸಂದಿನೊಳಗೆ ಇಳಿಯುವ ಹಾಗೆ ಸುರಿಯಬೇಕು. ಸಿಂಪಡಿಸಿ ತಕ್ಷಣ ಒರೆಸಿಬಿಟ್ಟರೆ ಸುಮ್ನೆ ದುಡ್ಡು ದಂಡ. ಹಸಿ ಇರುವ ತನಕ ಮಾತ್ರ ಅದು ಕೆಲಸ ಮಾಡುತ್ತದೆ. ಏಪ್ರಿಲ್ ಬಿಸಿಲಿಗೆ ನಮ್ಮ ನೆಲದ ಮೇಲೆ ಏನು ಸುರಿದರೂ ನೋಡನೋಡುತ್ತಲೇ ಒಣಗುತ್ತದೆ. ಅದಕ್ಕೇ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಒಗೆಯುವ ಸೋಪು, ಡಬ್ಬಿ, ಕೈಗೆ ಸಿಕ್ಕಿದ್ದು ಹೇರಿ ರಾತ್ರಿ ಇಡೀ ಬಿಟ್ಟೆ. ಬೆಳಿಗ್ಗೆ ತೆಗೆದು ತಾನಾಗಿ ಒಣಗಲು ಬಿಟ್ಟೆ. ಹಳೆ ಕಲೆಗಳಿಗೆ ಒಂದೇ ಸಲಕ್ಕೆ ಆಗಲಿಲ್ಲ, ಟಾರ್ಚ್ ಹಿಡಿದು ನೋಡಿ ಮತ್ತೆ ಹಾಕಿದೆ. ಪಡಸಾಲೆಯಲ್ಲಿ ಸಂದಿನ ಸಿಮೆಂಟ್ ಉದುರಿದ ಕಡೆ ಗೌಂಡಿಯನ್ನು ಕರೆಸಿ, ಕೆದರಿ, ಹೊಸದಾಗಿ ತುಂಬಿಸಿದೆವು. ದಿವಾನದ ಕಾಲಿಗೆ ವಾರ್ನಿಷ್ ಬಳಿದೆವು. ಗಾದಿಯ ಹತ್ತಿ ಹಿಂಜಿಸಿ ಬಟ್ಟೆ ಬದಲಿಸಿದೆವು. ಗೋಣಿಚೀಲ ಬಿಸಾಕಿದೆವು, ಅದನ್ನು ತೊಳೆದು ಗೆದ್ದವರಿಲ್ಲ.

ನೆಲ ಶುದ್ಧವಾದ ಮೇಲೂ ಪಡಸಾಲೆಯ ಬಾಗಿಲಿನ ಹತ್ತಿರ ಮಾತ್ರ ಮುಂದುವರಿಸಿದ. ಕಾರಣ ಗೇಟಿನಲ್ಲಿತ್ತು. ಓಣಿಯ ನಾಯಿಗಳು ಬೆಳಿಗ್ಗೆ ನಮ್ಮ ಗೇಟಿನ ಕಂಬಕ್ಕೆ, ಹೊರಗೆ ನಿಂತ ಸ್ಕೂಟರ್ ಟೈರಿಗೆ ಕಾಲೆತ್ತಿ ಹೋಗುತ್ತವೆ. ಇವನು ಗ್ರಿಲ್‌ಗೆ ಮುಖ ಒತ್ತಿ ಬೊಗಳುತ್ತಾನೆ, ತಿರುಗಿ ಓಡಿ ಬಂದು ಒಳಗಿನ ಚೌಕಟ್ಟಿಗೆ ಕಾಲೆತ್ತುತ್ತಾನೆ. ಗ್ರಿಲ್‌ನ ಕೆಳಗಿನ ಅರ್ಧಕ್ಕೆ ಹಳೆ ಫ್ಲೆಕ್ಸ್ ಕಟ್ಟಿದೆವು. ಯಾರದೋ ಹುಟ್ಟುಹಬ್ಬದ ಶುಭಾಶಯದ್ದು. ಮುಖಗಳು ಒಳಗಡೆ ಬರದ ಹಾಗೆ ತಿರುಗಿಸಿ ಕಟ್ಟಿದೆವು ಅನ್ನಿ. ಸಣ್ಣ ನಾಯಿ ಸಾಕಿದವರಿಗೆ ಇದೊಂದು ಅನುಕೂಲ, ಎರಡೂವರೆ ಅಡಿ ಮರೆ ಮಾಡಿದರೆ ಅವನಿಗೆ ಬೀದಿಯೇ ಇಲ್ಲ. ಕಂಬ ಮತ್ತು ಟೈರಿಗೆ ಬೆಳಿಗ್ಗೆ ಒಂದು ಚರಿಗೆ ನೀರು ಹಾಕುವುದು ಮನೆಯವರ ಪಾಲಿಗೆ ಬಂತು. ನಲ್ಲಿಗೆ ನೀರು ದಿನಾ ಬರದ ಊರಿನಲ್ಲಿ ಅದಕ್ಕೂ ಗೊಣಗಾಟ ಇದ್ದೇ ಇತ್ತು.

ಚಪ್ಪಲಿ, ಬಂದವರ ಬ್ಯಾಗು ಇನ್ನೊಂದು ತಲೆನೋವು. ಬೇರೆ ಮನೆಯ, ಬೇರೆ ನಾಯಿಯ ವಾಸನೆ ಹೊತ್ತು ಬರುವ ಸಾಮಾನು ಅದು. ಗದಗಿನಿಂದ ಕಾಕು ಬಂದಾಗ ಒಳಗೆ ಕಾಲಿಟ್ಟು ಚೀಲ ಕೆಳಗಿಟ್ಟು ನೀರು ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. "ಅಯ್ಯ, ನನ್ನ ಚೀಲಾನ ಸಿಕ್ತೇನವಾ ಇದಕ್ಕ!" ಅಂದರು. ಚೀಲದಲ್ಲಿ ಮದುವೆಗೆ ಉಡಲು ತಂದ ಸೀರೆ. ಅಂದಿನಿಂದ ಯಾರೇ ಬರಲಿ, ಬ್ಯಾಗು ಮೊದಲು ಮಂಚದ ಮೇಲೆ, ಚಪ್ಪಲಿ ಬಾಗಿಲಿರುವ ಕಪಾಟಿನಲ್ಲಿ.

ಗುಂಡ್ಯಾನ ಬೀಜ ತೆಗೆಸುವ ಆಪರೇಷನ್ ವಿಷಯಕ್ಕೆ ಮನೆಯಲ್ಲಿ ಜೋರು ಚರ್ಚೆ ಆಯ್ತು. "ಮೂಕ ಪ್ರಾಣಿಗೆ ಯಾಕ ಕತ್ತರಿ ಹಾಕಸ್ತೀಯವಾ?" ಅನ್ನೋದು ಅತ್ತೆಯ ಪ್ರಶ್ನೆ. ನಾಲ್ಕು ವರ್ಷ ರೂಢಿಯಾದ ಮೇಲೆ ಮಾಡಿಸಿ ಏನು ಪ್ರಯೋಜನ ಅನ್ನೋದು ನನ್ನ ಪ್ರಶ್ನೆ. ವೈದ್ಯರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತು ತೆಗೆದರು. ಈ ಆಪರೇಷನ್ ಆದ 57 ಗಂಡು ನಾಯಿಗಳದ್ದು. ಮನೆಯೊಳಗೆ ಗುರುತು ಹಾಕುತ್ತಿದ್ದವುಗಳಲ್ಲಿ ಶೇ. 60ಕ್ಕೂ ಹೆಚ್ಚಿನವುಗಳಲ್ಲಿ ಅದು ಅರ್ಧಕ್ಕಿಂತ ಕಡಿಮೆಯಾಗಿತ್ತು. ಬಹುತೇಕ ನಿಂತೇ ಹೋಗಿದ್ದು ಮಾತ್ರ ಕಡಿಮೆ ನಾಯಿಗಳಲ್ಲಿ. ವಯಸ್ಸಿಗೂ ಫಲಕ್ಕೂ ಸಂಬಂಧ ಕಂಡಿರಲಿಲ್ಲ. ಅಂದರೆ ತಡವಾಯ್ತು ಅನ್ನೋ ಹಾಗಿಲ್ಲ, ಆಪರೇಷನ್ ಒಂದೇ ಸಾಕು ಅನ್ನೋ ಹಾಗೂ ಇಲ್ಲ. ವಯಸ್ಸಾದಂತೆ ಗಂಡು ನಾಯಿಗಳಿಗೆ ಬರುವ ಪ್ರಾಸ್ಟೇಟ್ ಊತಕ್ಕೂ ಒಳ್ಳೆಯದು ಅಂದಾಗ ಅತ್ತೆ ಒಪ್ಪಿದರು. ರಕ್ತ ಪರೀಕ್ಷೆ, ಹಿಂದಿನ ರಾತ್ರಿಯಿಂದ ಉಪವಾಸ, ಆಪರೇಷನ್, ಕೊರಳಿಗೆ ಪ್ಲಾಸ್ಟಿಕ್ ಕೋನ್, ಹೊಲಿಗೆ ಬಿಚ್ಚುವ ತನಕ ಜಿಗಿದಾಟ ಇಲ್ಲ. ಅದೇನು ದೊಡ್ಡ ಕಷ್ಟವಾಗಲಿಲ್ಲ. ಫಲವೂ ಮರುದಿನ ಬರಲಿಲ್ಲ. ವಾರಗಟ್ಟಲೆ ಹಿಡಿಯಿತು. ಹೊರಗೆ ಪ್ರತಿ ಕಂಬಕ್ಕೂ ಎಳೆಯುವುದು ಮೊದಲು ತಗ್ಗಿತು.

ಆ ಸಮಯದಲ್ಲೇ ರೂಢಿ ಬದಲಿಸುವ ಕೆಲಸ ನಡೆದಿತ್ತು. ಮನೆಯಲ್ಲಿ ಅವನು ಎಚ್ಚರ ಇದ್ದಷ್ಟು ಹೊತ್ತು ಆರಡಿ ಹಗ್ಗ ನನ್ನ ಸೊಂಟಕ್ಕೆ. ನಾನು ಒಲೆ ಮುಂದೆ ನಿಂತರೆ ಅವನು ಕಾಲ ಬಳಿ. ನಾನಿಲ್ಲದಿದ್ದರೆ ಹಾಸಿಗೆ, ನೀರು ಇಟ್ಟು ಸಣ್ಣ ಕೋಣೆಯಲ್ಲಿ, ಬಾಗಿಲಿಗೆ ಅಡ್ಡ ಪ್ಲೈವುಡ್ ಹಲಗೆ. ಹೀಗೆ ಕಟ್ಟಿಕೊಂಡ ಮೇಲೆ ಅವನ ಲಕ್ಷಣ ತಿಳಿಯಿತು. ಮೂಗು ಒಂದೇ ಕಡೆ ಅಂಟಿಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಬಾಲ ನೆಟ್ಟಗಾಗುತ್ತದೆ, ಮೈಭಾರ ಒಂದು ಹಿಂಗಾಲಿಗೆ ಜಾರುತ್ತದೆ. ಆ ಹೊತ್ತಿಗೆ "ಗುಂಡ್ಯಾ, ಬಾರೋ" ಅಂತ ಖುಷಿಯಾಗಿ ಕರೆದು ಹೊರಗೆ ನಡೆದುಬಿಡಬೇಕು. ಹೊರಗೆ ಗಿಡದ ಬುಡಕ್ಕೆ ಮಾಡಿ ಮುಗಿಸಿದ ತಕ್ಷಣ, ಅಲ್ಲೇ, ಕಡಕ್ ರೊಟ್ಟಿಯ ಒಂದು ಚೂರು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟ ಹಾಗಾಗುತ್ತದೆ. ಜೇಬಿನಲ್ಲಿ ರೊಟ್ಟಿಪುಡಿ ತುಂಬಿ ಇರುವೆ ಮುತ್ತುತ್ತಿದ್ದವು, ಇರಲಿ.

ಮೂತಿ ಹಿಡಿದು ಉಚ್ಚೆಗೆ ತಿಕ್ಕಿ, ಎರಡು ಬಾರಿಸಿ ಅಂತ ಸಲಹೆ ಕೊಟ್ಟವರು ಕಡಿಮೆ ಇಲ್ಲ. ಮಾಡಿ ಹೋದ ಮೇಲೆ ಬಡಿದರೆ ಯಾಕೆ ಅಂತ ನಾಯಿಗೆ ತಿಳಿಯಲ್ಲ. ಮನುಷ್ಯರ ಎದುರಿಗೆ ಮಾಡಬಾರದು ಅನ್ನೋದಷ್ಟೇ ಕಲಿಯುತ್ತದೆ, ಕಪಾಟಿನ ಹಿಂದೆ ಹೋಗಿ ಮಾಡುತ್ತದೆ. ಹೊರಗೆ ನಿಮ್ಮ ಎದುರು ಕಾಲೆತ್ತಲೂ ಹೆದರುತ್ತದೆ. ಆಮೇಲೆ ರೊಟ್ಟಿ ಕೊಡೋದಾದರೂ ಯಾವಾಗ?

ನೆಂಟರು ಬಂದ ದಿನಗಳಿಗೆ ಹೊಟ್ಟೆಪಟ್ಟಿ ಹೊಲಿಸಿದೆ. ಓಣಿಯ ಟೇಲರ್ ಅಳತೆ ಟೇಪು ಹಿಡಿದು ನಾಯಿಯ ಸೊಂಟ ಅಳೆಯುತ್ತಾ ನಕ್ಕಿದ್ದೇ ನಕ್ಕಿದ್ದು. ಹಳೆ ಲುಂಗಿ ಬಟ್ಟೆ, ವೆಲ್ಕ್ರೋ, ಒಳಗೆ ಸ್ಯಾನಿಟರಿ ಪ್ಯಾಡ್. ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಬೇಕು, ಒದ್ದೆಯಾದರೆ ಕೂಡಲೇ ಬದಲಿಸಬೇಕು, ಇಲ್ಲವಾದರೆ ಚರ್ಮ ಕೆಂಪಗೆ ಆಗುತ್ತದೆ. ಇದು ಗಾದಿ ಉಳಿಸುತ್ತದೆ, ನಾಯಿಗೆ ಏನೂ ಕಲಿಸಲ್ಲ. ದಿನವಿಡೀ ಕಟ್ಟಿ ಕೂರುವವರನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣಲ್ಲ.

ಸ್ವಾತಂತ್ರ್ಯ ಕೊಟ್ಟಿದ್ದು ಒಂದೊಂದೇ ಕೋಣೆಗೆ. ಮೊದಲು ನಡುಮನೆ, ಆಮೇಲೆ ಪಡಸಾಲೆ. ಹೆಚ್ಚು ಕಾಡಿದ ದಿವಾನದ ಕಾಲಿನ ಹತ್ತಿರವೇ ಅವನ ಊಟದ ತಟ್ಟೆ ಇಟ್ಟೆ. ಉಣ್ಣುವ ಜಾಗ, ಮಲಗುವ ಜಾಗ ಹೊಲಸು ಮಾಡಲು ಬಹಳ ನಾಯಿಗಳು ಹಿಂಜರಿಯುತ್ತವೆ. ಇವನಿಗೂ ಅದು ಹಿಡಿಸಿತು. ಗಣಪತಿ ಹಬ್ಬದಲ್ಲಿ ಮನೆ ತುಂಬ ಜನ, ಹೊರಗೆ ಪಟಾಕಿ. ಮತ್ತೆ ಚೌಕಟ್ಟಿಗೆ ಕಾಲೆತ್ತಿದ. ಮತ್ತೆ ಹಗ್ಗ ಸೊಂಟಕ್ಕೆ ಬಂತು, ಕೆಲವು ದಿನಕ್ಕೆ ಸರಿಹೋಯ್ತು. ಮಳೆಗೆ ಮಾತ್ರ ಬೇರೆ ಉಪಾಯ ಬೇಕಾಯ್ತು. ಸಣ್ಣ ನಾಯಿಗೆ ಹೊಟ್ಟೆ ನೆಲಕ್ಕೆ ಹತ್ತಿರ, ಒದ್ದೆ ಹುಲ್ಲೆಂದರೆ ಆಗಲ್ಲ. ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಉಸುಕು ಸುರಿದು, ನಡುವೆ ಒಂದು ಗೂಟ ನೆಟ್ಟೆವು. ಅದನ್ನು ತೊಳೆಯೋದಿಲ್ಲ. ಅಲ್ಲಿ ವಾಸನೆ ಇರಲಿ ಅನ್ನೋದೇ ಉದ್ದೇಶ.

ಈಗ ಉಳಿದಿರುವುದು ಗ್ಯಾಸ್ ಸಿಲಿಂಡರ್ ಒಂದೇ. ಎಷ್ಟು ಮನೆ ಸುತ್ತಿ ಬಂದಿರುತ್ತದೋ, ಅದರ ಬುಡ ಮೂಸಲು ಶುರು ಮಾಡಿದರೆ ಗುಂಡ್ಯಾನಿಗೆ ಸಮಾಧಾನವೇ ಇಲ್ಲ. ತುಂಬಿದ ಸಿಲಿಂಡರ್ ಬಂದ ದಿನ ಅವನನ್ನು ಸಣ್ಣ ಕೋಣೆಗೆ ಹಾಕಿ, ಸಿಲಿಂಡರನ್ನು ಅಂಗಳದಲ್ಲೇ ಸೋಪು ನೀರಿನಿಂದ ಬುಡದ ಸಮೇತ ಒರೆಸಿ, ಒಣಗಿದ ಮೇಲೆ ಒಳಗೆ ತರುತ್ತೇವೆ.