ಹೊಸ ಬೋರ್ಡಲ್ಲಿ ಚಿಪ್ ಸುಡ್ತಿದೆಯಾ? ಹೀಟ್‌ಸಿಂಕ್ ಆಮೇಲೆ, ಮೊದಲು ಲೆಕ್ಕ

ಹೊಸದಾಗಿ ಡಿಸೈನ್ ಮಾಡಿದ ಬೋರ್ಡಿಗೆ ಸಪ್ಲೈ ಕೊಟ್ಟ ಕೂಡಲೇ ಒಂದು ಚಿಪ್ ಕೈ ಇಡೋಕಾಗದಷ್ಟು ಕಾದರೆ ಹೆಚ್ಚಿನವರು ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೊರಹಾಕುವ ಲೋಹದ ತುಂಡು) ಹುಡುಕೋಕೆ ಹೊರಡುತ್ತಾರೆ. ಸ್ವಲ್ಪ ತಡೀರಿ. ಆ ಚಿಪ್ ನ್ಯಾಯವಾಗಿ ಎಷ್ಟು ಬಿಸಿಯಾಗಬೇಕು ಅಂತ ಮೊದಲು ಲೆಕ್ಕ ಹಾಕಿ. ಬಿಸಿ ಲೆಕ್ಕಕ್ಕೆ ಸಿಕ್ಕಿದರೆ ಡಿಸೈನ್ ಬದಲಿಸಬೇಕು. ಸಿಗದಿದ್ದರೆ ಎಲ್ಲೋ ಶಾರ್ಟ್ ಇದೆ, ಇಲ್ಲಾ ಕನೆಕ್ಷನ್ ತಪ್ಪಿದೆ.

ನಮ್ಮ ಕಡೆ ಮಾಮೂಲಿ ಬೋರ್ಡನ್ನೇ ತಗೊಳ್ಳಿ. ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮೋಟಾರನ್ನು ಮೊಬೈಲಿಂದ ಆನ್ ಮಾಡುವಂಥದ್ದು. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಕೆಪಾಸಿಟರ್, ಆಮೇಲೆ 5 ವೋಲ್ಟ್ ಕೊಡುವ ರೆಗ್ಯುಲೇಟರ್ ಚಿಪ್ 7805. 12 ವೋಲ್ಟ್ ಎಸಿ ಅಂದ್ರೆ ಕೆಪಾಸಿಟರ್ ಮೇಲೆ 12 ಸಿಗೋದಿಲ್ಲ, ಸುಮಾರು 16 ಡಿಸಿ ಬರುತ್ತೆ. ಬೋರ್ಡ್ 150 ಮಿಲಿಆಂಪ್ ಎಳೆದರೆ 16ರಿಂದ 5 ಕಳೆದು 0.15ರಿಂದ ಗುಣಿಸಿ: 1.65 ವ್ಯಾಟ್. ಹೀಟ್‌ಸಿಂಕ್ ಇಲ್ಲದ 7805 ಒಂದು ವ್ಯಾಟಿಗೆ ಸುಮಾರು 65 ಡಿಗ್ರಿ ಏರುತ್ತೆ. ಅಂದರೆ 107 ಡಿಗ್ರಿ, ಅದರ ಮೇಲೆ ಹೊರಗಿನ 30 ಸೇರಿಸಿದರೆ 137. ಅದರ ಮಿತಿ 125! ಪಂಪ್‌ಹೌಸ್ ಗೋಡೆಯ ಮೇಲಿನ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ನೂ ಜಾಸ್ತಿ, ರಾತ್ರಿ ಲೋಡ್ ಇಳಿದು ಲೈನ್ ವೋಲ್ಟೇಜ್ ಏರಿದರೆ ಅದಕ್ಕಿಂತ ಜಾಸ್ತಿ. ಇಲ್ಲಿ ಚಿಪ್ಪಿನ ತಪ್ಪೇನೂ ಇಲ್ಲ. ಎಲ್‌ಎಂ2596 ಥರದ ಬಕ್ ಕನ್ವರ್ಟರ್ (ಸ್ವಿಚ್ ಮಾಡುತ್ತಾ ವೋಲ್ಟೇಜ್ ಇಳಿಸುವ ಚಿಪ್) ಹಾಕಿ, ಅದೇ ಕೆಲಸಕ್ಕೆ 0.2 ವ್ಯಾಟ್ ಆಸುಪಾಸು ಮಾತ್ರ ಬಿಸಿಯಾಗಿ ಹೋಗುತ್ತೆ.

ಲೆಕ್ಕಕ್ಕೆ ಸಿಗದ ಬಿಸಿಯನ್ನು ಹುಡುಕೋದೇ ನಿಜವಾದ ಕೆಲಸ. 230 ವೋಲ್ಟ್ ಓಡಾಡುವ ಬೋರ್ಡಿನ ಮೇಲೆ ಬೆರಳಿಡಬೇಡಿ, ಟ್ರಾನ್ಸ್‌ಫಾರ್ಮರ್ ಬಿಚ್ಚಿಟ್ಟು ಬೆಂಚ್ ಸಪ್ಲೈ (ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕೆ ಹೊಂದಿಸಬಹುದಾದ ಪವರ್ ಸಪ್ಲೈ) ಹಾಕಿ. ಅದಕ್ಕೂ ಮೊದಲು ಪವರ್ ಇಲ್ಲದೆ ಮಲ್ಟಿಮೀಟರಿನಲ್ಲಿ 5 ವೋಲ್ಟ್ ಲೈನ್ ಮತ್ತು ಗ್ರೌಂಡ್ ನಡುವೆ ಓಮ್ಸ್ ನೋಡಿ. ಒಂದೆರಡು ಓಮ್ ತೋರಿಸಿದರೆ ಶಾರ್ಟ್ ಅಂತಲೇ ತಿಳ್ಕೊಳ್ಳಿ. ಆಮೇಲೆ ಕರೆಂಟ್ ಲಿಮಿಟ್ 100 ಮಿಲಿಆಂಪಿಗೆ ಇಟ್ಟು ವೋಲ್ಟೇಜನ್ನು ನಿಧಾನ ಏರಿಸಿ.

ಎಲ್ಲಿ ಕಾಯ್ತಿದೆ ಅಂತ ನೋಡೋಕೆ ಥರ್ಮಲ್ ಕ್ಯಾಮೆರಾನೇ ಬೇಕು ಅಂತಿಲ್ಲ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರಿ, ಎಲ್ಲಿ ಮೊದಲು ಆರುತ್ತೋ ಅಲ್ಲೇ ಕಳ್ಳ. ಮೊಬೈಲ್ ರಿಪೇರಿಯವರು ರೋಸಿನ್ (ಬೆಸುಗೆಗೆ ಬಳಸುವ ರಾಳ) ಹೊಗೆ ಹಿಡಿಸ್ತಾರೆ. ಬೋರ್ಡೆಲ್ಲ ಬೆಳ್ಳಗೆ ಮಂಜು ಕೂತ ಹಾಗಾಗುತ್ತೆ, ಪವರ್ ಕೊಟ್ಟಾಗ ಬಿಸಿಯಾದ ಚಿಪ್ಪಿನ ಮೇಲಿನದಷ್ಟೇ ಕರಗಿ ಕಪ್ಪು ಮೈ ಕಾಣುತ್ತೆ. ನೋಡೋಕೇ ಖುಷಿ.

ಜಾಗ ಸಿಕ್ಕಿತು ಅಂದ್ಕೊಳ್ಳಿ. ಒಂದನೇ ಪಿನ್ನಿನ ಚುಕ್ಕೆ ನೋಡಿ, ಚಿಪ್ ತಿರುಗಿ ಕೂತಿರಬಹುದು. ಆಮೇಲೆ ಡೇಟಾಶೀಟ್ ತೆರೆದು ಪ್ಯಾಕೇಜ್ ಚಿತ್ರವನ್ನು ನಿಮ್ಮ ಫುಟ್‌ಪ್ರಿಂಟಿಗೆ (ಬೋರ್ಡಿನಲ್ಲಿ ಚಿಪ್ಪಿಗೆ ಬರೆದ ಪ್ಯಾಡುಗಳ ನಕ್ಷೆ) ಹೋಲಿಸಿ. ಇಲ್ಲೊಂದು ಒಳ್ಳೆ ಗುಂಡಿ ಇದೆ: 7805ರ ಲೋಹದ ಟ್ಯಾಬ್ ಗ್ರೌಂಡ್, ಆದರೆ ಇನ್ನೊಂದು ರೆಗ್ಯುಲೇಟರ್ ಎಎಂಎಸ್1117ರ ಟ್ಯಾಬ್ ಔಟ್‌ಪುಟ್. ಅಭ್ಯಾಸಬಲದಿಂದ ಅದನ್ನು ಗ್ರೌಂಡ್ ತಾಮ್ರಕ್ಕೆ ಸೇರಿಸಿದಿರೋ, ಔಟ್‌ಪುಟ್ ಸೀದಾ ಶಾರ್ಟ್.

ರಿಲೇ ಓಡಿಸುವ ಟ್ರಾನ್ಸಿಸ್ಟರ್ ಸುಡ್ತಿದ್ರೆ ಕಾಯಿಲ್ ಮೇಲಿನ ಡಯೋಡ್ ಉಲ್ಟಾ ಇದೆಯಾ ನೋಡಿ. ಮಾಸ್ಫೆಟ್ ಆದರೆ, ಐಆರ್‌ಎಫ್540 ಥರದ್ದಕ್ಕೆ 3.3 ವೋಲ್ಟ್ ಗೇಟ್ ಸಾಲೋದಿಲ್ಲ, ಅದು ಅರ್ಧಂಬರ್ಧ ಆನ್ ಆಗಿ ಕಾಯುತ್ತೆ. ಕಡಿಮೆ ಗೇಟ್ ವೋಲ್ಟೇಜಿಗೇ ಪೂರ್ತಿ ಆನ್ ಆಗುವ ಲಾಜಿಕ್ ಲೆವೆಲ್ ಮಾಸ್ಫೆಟ್ ಹಾಕಿ. ಹೊಟ್ಟೆ ಕೆಳಗೆ ಪ್ಯಾಡ್ ಇರುವ ಚಿಪ್ಪುಗಳಲ್ಲಿ ಆ ಪ್ಯಾಡ್ ಬೆಸುಗೆ ಆಗಿದೆಯಾ, ಅದರ ಕೆಳಗೆ ವಯಾಗಳು (ತಾಮ್ರ ಲೇಪಿಸಿದ ಸಣ್ಣ ತೂತುಗಳು) ಇವೆಯಾ ಅಂತಲೂ ನೋಡಿ, ಬಿಸಿ ಇಳಿಯೋ ದಾರಿ ಅದೇ ಅಲ್ವಾ.

ಒಮ್ಮೊಮ್ಮೆ ಮಾತ್ರ ಕಾಯುತ್ತೆ, ಪವರ್ ತೆಗೆದು ಹಾಕಿದರೆ ಸರಿಹೋಗುತ್ತೆ ಅಂದರೆ ಲ್ಯಾಚ್‌ಅಪ್ (ಚಿಪ್ಪಿನ ಒಳಗೇ ಶಾರ್ಟ್ ಆದ ಹಾಗೆ ಸಿಕ್ಕಿಹಾಕ್ಕೊಳ್ಳೋದು) ಇರಬಹುದು. ತೋಟದಿಂದ ಬರುವ ಉದ್ದನೆಯ ಸೆನ್ಸರ್ ವೈರು ಚಿಪ್ಪಿಗೆ ಪವರ್ ಸಿಗೋ ಮೊದಲೇ ಪಿನ್ನಿಗೆ ವೋಲ್ಟೇಜ್ ತಂದರೆ ಹೀಗಾಗುತ್ತೆ. ಪಿನ್ನಿಗೆ ಒಂದು ಕಿಲೋ ಓಮ್ ರೆಸಿಸ್ಟರನ್ನು ಸೀರೀಸಲ್ಲಿ ಹಾಕಿ, ಜೊತೆಗೆ ಪಿನ್ನಿನ ವೋಲ್ಟೇಜ್ ಮಿತಿ ಮೀರದ ಹಾಗೆ ತಡೆಯುವ ಕ್ಲ್ಯಾಂಪ್ ಡಯೋಡ್.

ಎಲ್ಲ ಸರಿಮಾಡಿದ ಮೇಲೆ ಟೇಬಲ್ ಮೇಲೆ ಟೆಸ್ಟ್ ಮಾಡಿ ಸುಮ್ನಾಗಬೇಡಿ. ತೋಟದಲ್ಲಿ ಹಾಕುವ ಡಬ್ಬಿಯಲ್ಲೇ ಇಟ್ಟು, ಮುಚ್ಚಳ ಬಿಗಿದು, ಪೂರ್ತಿ ಲೋಡಲ್ಲಿ ಒಂದು ಗಂಟೆಯಾದರೂ ಓಡಿಸಿ. ಚಿಪ್ಪಿನ ಮೇಲೆ ಬಿಸಿ ಅಳೆಯುವ ಥರ್ಮೋಕಪಲ್ ಅಂಟಿಸಿಟ್ಟು ರೀಡಿಂಗ್ ಏರೋದು ನಿಲ್ಲೋವರೆಗೂ ನೋಡಿ.