ಶಿಕ್ಷೆ ಆದ್ಮೇಲೆ ಫೈಲು ನಮ್ಮ ಕೈಗೆ ಬಂದಾಗ: ಕೊಡಗಲ್ಲಿ ಲೀಗಲ್ ಏಡ್ ಅಪೀಲು ನಡೆಸೋದು ಹೇಗೆ

ಲೀಗಲ್ ಏಡ್‌ಗೆ (ಸರ್ಕಾರದ ಖರ್ಚಲ್ಲಿ ವಕೀಲರನ್ನ ಕೊಡೋ ವ್ಯವಸ್ಥೆ) ಹೊಸದಾಗಿ ಸೇರಿದ ಜೂನಿಯರ್ ವಕೀಲ್ರು ಫೋನ್ ಮಾಡಿ ಕೇಳೋದು ಒಂದೇ, "ಸಾರ್, ಕ್ರಿಮಿನಲ್ ಅಪೀಲ್ ಕೊಟ್ಟಿದಾರೆ, ಎಲ್ಲಿಂದ ಶುರು ಮಾಡ್ಲಿ?" ನಾನು ಹೇಳೋದೂ ಒಂದೇ, ಜಡ್ಜ್‌ಮೆಂಟನ್ನ ಪಕ್ಕಕ್ಕಿಟ್ಟು ಸಾಕ್ಷಿಗಳ ಹೇಳಿಕೆ ಓದಿ. ಜಡ್ಜ್‌ಮೆಂಟಲ್ಲಿ ಇರೋದು ಸಾಹೇಬ್ರು ನಂಬಿದ ಕಥೆ, ಮೊದಲು ಅದನ್ನೇ ಓದಿದ್ರೆ ನಮಗೂ ಅದೇ ಸರಿ ಅನ್ಸಕ್ಕೆ ಶುರುವಾಗತ್ತೆ.

ಆದ್ರೆ ಅದಕ್ಕೂ ಮುಂಚೆ ಕ್ಯಾಲೆಂಡರ್ ತೆಗೀರಿ. ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಯಾವ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಶಿಕ್ಷೆ ಆದ್ರೂ ಅಪೀಲು ಜಿಲ್ಲೆಯ ಸೆಷನ್ಸ್ ಕೋರ್ಟಿಗೆ, ಟೈಮು 30 ದಿನ. ಸೆಷನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ರೆ ಹೈಕೋರ್ಟಿಗೆ, 60 ದಿನ, ಗಲ್ಲು ಆಗಿದ್ರೆ ಮಾತ್ರ 30. ನಮ್ಮ ಜಿಲ್ಲೆಗೆ ಬೆಂಗಳೂರು ಪೀಠ, ಅಲ್ಲಿನ ಲಾಯರನ್ನ ಹೈಕೋರ್ಟ್ ಕಾನೂನು ಸೇವಾ ಸಮಿತಿ ಕೊಡತ್ತೆ, ಆದ್ರೆ ಫೈಲು ಕಟ್ಟಿ ಕಳ್ಸೋ ಕೆಲ್ಸ ಇಲ್ಲಿಂದಾನೇ ಆಗ್ಬೇಕು. ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ ಅದು ರೆಡಿ ಆಗೋವರೆಗಿನ ದಿನಗಳು ಲೆಕ್ಕಕ್ಕಿಲ್ಲ, ಹಂಗಾಗಿ ಕಾಪಿ ಹಿಂದುಗಡೆ ಹಾಕಿರೋ ಎರಡೂ ತಾರೀಖು ನೋಡ್ಕೊಳ್ಳಿ. ಜೈಲು ಶಿಕ್ಷೆ ಆದೋನಿಗೆ ತೀರ್ಪಿನ ಕಾಪಿ ತಕ್ಷಣ ಫ್ರೀಯಾಗಿ ಕೊಡ್ಬೇಕು, ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) ಸೆಕ್ಷನ್ 404. ಅಪೀಲಿಗೆ ಸರ್ಕಾರದ ಖರ್ಚಲ್ಲಿ ವಕೀಲರನ್ನ ಕೊಡೋದೂ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೊಸ್ಕೋಟ್ ಕೇಸಲ್ಲಿ 1978ರಲ್ಲೇ ಹೇಳಿದೆ. ಕಸ್ಟಡಿಯಲ್ಲಿ ಇರೋರ ಹತ್ರ ಯಾರಾದ್ರೂ ಇನ್‌ಕಂ ಸರ್ಟಿಫಿಕೇಟ್ ಕೇಳಿದ್ರೆ 1987ರ ಕಾನೂನು ಸೇವೆಗಳ ಕಾಯ್ದೆಯ ಸೆಕ್ಷನ್ 12 ತೋರ್ಸಿ, ಬಂಧನದಲ್ಲಿ ಇರೋರು, ಹೆಂಗಸರು, ಎಸ್‌ಸಿ ಎಸ್‌ಟಿ ಇವ್ರಿಗೆಲ್ಲ ಆದಾಯದ ಮಾತೇ ಇಲ್ಲ.

ಲೇಟಾಗಿದ್ರೆ ತಡ ಮನ್ನಿಸಿ ಅಂತ ಲಿಮಿಟೇಷನ್ ಕಾಯ್ದೆ ಸೆಕ್ಷನ್ 5ರ ಅರ್ಜಿ ಹಾಕಿ, ಆದ್ರೆ ಅಫಿಡವಿಟ್ಟಲ್ಲಿ "ಅನಿವಾರ್ಯ ಕಾರಣಗಳಿಂದ" ಅಂತ ಒಂದು ಲೈನ್ ಗೀಚಿ ಕೈ ತೊಳ್ಕೋಬೇಡಿ. ಹಾಡಿಯಿಂದ (ಆದಿವಾಸಿಗಳ ಕೇರಿ) ಕಕ್ಷಿದಾರನ ಹೆಂಡತಿ ಮಡಿಕೇರಿಗೆ ಯಾವತ್ತು ಬಂದ್ರು, ಜುಲೈ ಮಳೇಲಿ ರಸ್ತೆ ಎಷ್ಟು ದಿನ ಬಂದ್ ಇತ್ತು, ಜೈಲಿಂದ ಕಾಗದ ಯಾವತ್ತು ಹೊರಟಿತು, ಎಲ್ಲಾ ತಾರೀಖು ಸಮೇತ ಬರೀರಿ.

ಜೈಲಿಗೆ ಒಂದ್ಸಲನಾದ್ರೂ ಹೋಗಿ. ಮೈಸೂರು ಸೆಂಟ್ರಲ್ ಜೈಲಲ್ಲಿದ್ರೆ ಒಂದಿಡೀ ದಿನ ಹೋಗತ್ತೆ, ಹೋಗ್ಲಿ. "ನೀನು ಮಾಡಿದ್ಯಾ" ಅಂತ ಕೇಳೋದ್ರಿಂದ ಅಪೀಲಲ್ಲಿ ಏನೂ ಉಪಯೋಗ ಇಲ್ಲ. ಹಿಂದಿನ ವಕೀಲ್ರು ನಿನ್ ಜೊತೆ ಎಷ್ಟು ಸಲ ಮಾತಾಡಿದ್ರು, ಯಾವ ಸಾಕ್ಷಿ ಸುಳ್ಳು ಹೇಳಿದ ಅನ್ಸ್ತು, ಶಿಕ್ಷೆಗೆ ಮುಂಚೆ ಎಷ್ಟು ದಿನ ಒಳಗಿದ್ದೆ, ಇದನ್ನ ಕೇಳಿ. ಕೊನೇದು ಯಾಕಂದ್ರೆ ಆ ದಿನಗಳನ್ನ ಶಿಕ್ಷೇಲಿ ಕಳೀಬೇಕು, ಒಮ್ಮೊಮ್ಮೆ ವಾರಂಟಲ್ಲೇ ಲೆಕ್ಕ ತಪ್ಪಿರತ್ತೆ. ಇನ್ನೊಂದು, "ಅಪೀಲ್ ಹಾಕಿದ್ರೆ ಶಿಕ್ಷೆ ಜಾಸ್ತಿ ಮಾಡ್ತಾರಂತೆ" ಅನ್ನೋ ಭಯ ಒಳಗಿರೋ ತುಂಬಾ ಜನಕ್ಕಿದೆ. ತಾನೇ ಹಾಕಿದ ಅಪೀಲಲ್ಲಿ ಶಿಕ್ಷೆ ಏರಿಸಕ್ಕಾಗಲ್ಲ, ಅದಕ್ಕೆ ಸರ್ಕಾರ ಬೇರೆ ಅಪೀಲು ಹಾಕ್ಬೇಕು ಅಂತ ಬಿಡ್ಸಿ ಹೇಳಿ.

ಈಗ ಓದೋ ವಿಷ್ಯ. ನನ್ನ ಮೊದಲನೇ ವರ್ಷದಲ್ಲಿ ಒಂದು ಕರಿಮೆಣಸು ಕಳವಿನ ಕೇಸು ಬಂತು, ಲೈನ್‌ಮನೇಲಿ (ತೋಟದ ಕೆಲಸದೋರ ಸಾಲುಮನೆ) ಇದ್ದ ಇಬ್ರು ಹುಡುಗ್ರು, ತೋಟದ ಗೋಡೌನಿಂದ ಮೂಟೆ ಹೋಗಿದೆ, ಪೊಲೀಸರು ಬರ್ಕೊಂಡ ಆರೋಪಿಯ ಸ್ವಇಚ್ಛಾ ಹೇಳಿಕೆ, ಅದರ ಮೇಲೆ ಮಾಲು ವಶ, ಎಂದಿನ ಥರ. ನಾನು ಜಡ್ಜ್‌ಮೆಂಟ್ ಮಾತ್ರ ಓದಿ ಹದಿನೈದು ಗ್ರೌಂಡ್ (ತೀರ್ಪು ಯಾಕೆ ತಪ್ಪು ಅನ್ನೋ ಕಾರಣ) ಬರೆದೆ, ಎಲ್ಲಾ ದೊಡ್ಡ ದೊಡ್ಡ ಮಾತು. ವಾದದ ದಿನ ಜಡ್ಜ್ "ಈ ಮೆಣಸು ಇದೇ ತೋಟದ್ದು ಅಂತ ಗುರುತು ಹಿಡ್ದಿದ್ದು ಯಾರ್ರೀ?" ಅಂದ್ರು, ನಾನು ಪೇಜು ತಿರುಗಿಸ್ತಾ ನಿಂತೆ. ಮನೆಗೆ ಬಂದು ಡೆಪೊಸಿಷನ್ (ಸಾಕ್ಷಿಗಳ ಹೇಳಿಕೆ) ತೆಗೆದ್ರೆ ತೋಟದ ಲೆಕ್ಕ ಬರೆಯೋ ರೈಟರು ಪಾಟೀ ಸವಾಲಲ್ಲಿ (ಎದುರು ವಕೀಲ್ರು ಕೇಳೋ ಪ್ರಶ್ನೆಗಳಲ್ಲಿ) ಒಣಗಿದ ಮೆಣಸು ಎಲ್ಲಾ ತೋಟದ್ದೂ ಒಂದೇ ಥರ ಇರತ್ತೆ, ಚೀಲದ ಮೇಲೆ ಗುರುತು ಇರ್ಲಿಲ್ಲ ಅಂತ ಒಪ್ಕೊಂಡಿದಾರೆ, ತೀರ್ಪಲ್ಲಿ ಆ ಮಾತೇ ಇಲ್ಲ. ಹೆಚ್ಚುವರಿ ಗ್ರೌಂಡ್ ಹಾಕಿ ಹೆಂಗೋ ಮಾನ ಉಳೀತು. ಅವತ್ತಿಂದ ಪಾಟೀ ಸವಾಲು ಮೊದ್ಲು, ಮುಖ್ಯ ವಿಚಾರಣೆ ಆಮೇಲೆ, ತೀರ್ಪು ಕಟ್ಟಕಡೇಗೆ.

ಸ್ವಇಚ್ಛಾ ಹೇಳಿಕೆ ಪೂರ್ತಿ ಸಾಕ್ಷಿ ಆಗಲ್ಲ, ಪೊಲೀಸರ ಮುಂದೆ "ನಾನೇ ಕದ್ದೆ" ಅಂದಿದ್ದು ಬಿದ್ದುಹೋಗತ್ತೆ, ಮಾಲು ಸಿಗೋದಕ್ಕೆ ಕಾರಣ ಆದ ಭಾಗ ಮಾತ್ರ ನಿಲ್ಲೋದು (ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 27, ಈಗ ಹೊಸ ಸಾಕ್ಷ್ಯ ಕಾನೂನು ಬಿಎಸ್‌ಎಯ 23). ಮಹಜರಿನ ಪಂಚರು ಯಾರು ನೋಡಿ, ಅದೇ ತೋಟದ ಕೆಲಸದೋರೇನಾ, ಸಹಿ ಹಾಕಿದ್ದು ಸ್ಥಳದಲ್ಲಾ ಠಾಣೇಲಾ.

ನಮ್ಮೂರಲ್ಲಿ ಇನ್ನೊಂದು ಗಂಟಿದೆ, ಭಾಷೆ. ಸಾಕ್ಷಿ ಹೇಳೋದು ಯರವ ಭಾಷೇಲೋ ಕೊಡವ ತಕ್ಕಲ್ಲೋ ಮಲಯಾಳದಲ್ಲೋ, ಈಗ ಅಸ್ಸಾಂ ಕಡೆ ಕೆಲಸದೋರು ಬೇರೆ, ಬರೆದಿರೋದು ಮಾತ್ರ ಅಚ್ಚುಕಟ್ಟು ಕೋರ್ಟ್ ಕನ್ನಡ. "ಅಲ್ಲಿ ಇದ್ದ" ಅಂದಿದ್ದು "ಹೊಡೆದ" ಆಗಕ್ಕೆ ಮಧ್ಯದಲ್ಲಿ ಒಬ್ರು ಸಾಕು. ಯಾರು ಅನುವಾದ ಮಾಡಿದ್ರು, ಓದಿ ಹೇಳಿದೀವಿ ಅನ್ನೋ ಟಿಪ್ಪಣಿ ಇದ್ಯಾ, ಕೆಳಗೆ ಹೆಬ್ಬೆಟ್ಟಾ ಸಹಿನಾ, ನೋಡಿ. ಹೈಕೋರ್ಟಿಗೆ ಹೋದ್ರೆ ಅದೇ ಕನ್ನಡ ಮತ್ತೆ ಇಂಗ್ಲಿಷಿಗೆ ಹೋಗತ್ತೆ, ಆ ಅನುವಾದ ನೀವೇ ಒಂದ್ಸಲ ಮೂಲದ ಜೊತೆ ಇಟ್ಟು ಓದಿ, ಟೈಪಿಸ್ಟಿಗೆ ಬಿಡ್ಬೇಡಿ.

ಆಮೇಲೆ 313ರ ಹೇಳಿಕೆ, ಅಂದ್ರೆ ಸಾಕ್ಷ್ಯದ ಬಗ್ಗೆ ಕೋರ್ಟು ಆರೋಪಿಗೇ ಪ್ರಶ್ನೆ ಕೇಳಿ ಬರ್ಕೊಳ್ಳೋದು, ಈಗ ಬಿಎನ್‌ಎಸ್‌ಎಸ್ 351. ಆರೋಪಿಗೆ ಕೇಳದೇ ಇರೋ ಅಂಶವನ್ನ ಅವನ ವಿರುದ್ಧ ಬಳಸಬಾರದು, 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪು, ಸಾಂದರ್ಭಿಕ ಸಾಕ್ಷ್ಯದ ಕೇಸಿದ್ರೆ ಅದನ್ನ ಬಾಯಿಪಾಠ ಮಾಡ್ಬಿಡಿ. ತೀರ್ಪು ನಿಂತಿರೋ ಮುಖ್ಯ ಅಂಶಗಳ ಪಟ್ಟಿ ಮಾಡಿ, ಪ್ರಶ್ನೆಗಳ ಪಟ್ಟಿ ಪಕ್ಕಕ್ಕಿಡಿ, ಹೊಂದಿಸಿ ನೋಡಿ, ಅರ್ಧ ಗಂಟೆ ಕೆಲ್ಸ.

ಗ್ರೌಂಡ್ಸ್ ಐದಾರು ಸಾಕು. ಕೊನೇಲಿ ಶಿಕ್ಷೆ ಬಗ್ಗೆ ಒಂದು ಇರ್ಲೇಬೇಕು, 1958ರ ಪ್ರೊಬೇಷನ್ ಕಾಯ್ದೆ ಕೆಳಗೆ ಜೈಲಿಗೆ ಕಳಿಸದೆ ಒಳ್ಳೇ ನಡತೆ ಮೇಲೆ ಅಪೀಲು ಕೋರ್ಟೂ ಬಿಡಬಹುದು, ಅದೂ 21 ತುಂಬದೋರಿದ್ರೆ ಸೆಕ್ಷನ್ 6 ಮರೀಬೇಡಿ. 1 ಜುಲೈ 2024ಕ್ಕಿಂತ ಹಳೇ ಘಟನೆಗೆ ಐಪಿಸಿ ಸೆಕ್ಷನ್‌ಗಳೇ ಇರತ್ವೆ, ಅದನ್ನ ಐಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಗೆ ಬದಲಾಯಿಸಿ ಬರೆದು ಗೊಂದಲ ಮಾಡ್ಬೇಡಿ.

ಅಪೀಲಿನ ಜೊತೇಲೇ ಶಿಕ್ಷೆ ಅಮಾನತಿನ ಅರ್ಜಿ (ಅಪೀಲು ಮುಗಿಯೋವರೆಗೆ ಶಿಕ್ಷೆ ತಡೆಹಿಡಿಯಿರಿ ಅಂತ), ಬಿಎನ್‌ಎಸ್‌ಎಸ್ 430. ಮೂರು ವರ್ಷದೊಳಗಿನ ಶಿಕ್ಷೆ ಆಗಿ ಆರೋಪಿ ಬೇಲಲ್ಲಿ ಇದ್ರೆ ಶಿಕ್ಷೆ ಕೊಟ್ಟ ಕೋರ್ಟೇ ಅಪೀಲು ಹಾಕೋಕೆ ಅಂತ ಬಿಡ್ಬೇಕು, ಅವತ್ತೇ ಅರ್ಜಿ ರೆಡಿ ಇಟ್ಕೊಂಡು ಹೋಗಿ. ಚೆಕ್ ಬೌನ್ಸ್ ಕೇಸಾದ್ರೆ ಪರಿಹಾರದ ಕನಿಷ್ಠ 20 ಪರ್ಸೆಂಟ್ ಕಟ್ಟಿ ಅಂತಾರೆ, ನಿಜವಾಗ್ಲೂ ಆಗದೇ ಇರೋರಿಗೆ ವಿನಾಯ್ತಿ ಕೇಳಬಹುದು ಅಂತ 2023ರ ಜಂಬೂ ಭಂಡಾರಿ ಕೇಸಲ್ಲಿದೆ.

ಎಲ್ಲಾ ಮುಗಿದ್ಮೇಲೂ ಒಂದು ಬಾಗಿಲು ತೆರೆದಿರತ್ತೆ, ವಯಸ್ಸು. ಘಟನೆ ದಿನ 18 ತುಂಬಿರ್ಲಿಲ್ಲ ಅನ್ನೋದನ್ನ ಯಾವ ಹಂತದಲ್ಲಾದ್ರೂ, ಸುಪ್ರೀಂ ಕೋರ್ಟಲ್ಲಿ ಸೋತ ಮೇಲೂ ಎತ್ತಬಹುದು, 2015ರ ಬಾಲನ್ಯಾಯ ಕಾಯ್ದೆ ಸೆಕ್ಷನ್ 9. ಹಾಡಿ ಹುಡುಗ್ರ ವಯಸ್ಸನ್ನ ಪೊಲೀಸರು ಮುಖ ನೋಡಿ "ಸುಮಾರು 20" ಅಂತ ಬರ್ಕೊಂಡಿರ್ತಾರೆ. ನೀವು ಆಶ್ರಮ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ನೋಡಿ. ಶಾಲೆ ಸರ್ಟಿಫಿಕೇಟಿಗೆ ಮೊದಲ ಸ್ಥಾನ, ಅದಿಲ್ಲಾಂದ್ರೆ ಪಂಚಾಯ್ತಿ ಜನನ ದಾಖಲೆ, ಎರಡೂ ಇಲ್ಲಾಂದ್ರೆ ಮಾತ್ರ ಮೂಳೆ ಪರೀಕ್ಷೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ರೂ ಹೆಸರು ದಾಖಲಾತಿ ಪುಸ್ತಕದಲ್ಲಿರತ್ತೆ.

ಅಮಾನತು ಸಿಕ್ತು ಅಂತ ಫೈಲು ಮುಚ್ಚಬೇಡಿ, ಅಸಲಿ ತಲೆನೋವು ಶೂರಿಟಿ, ಅಂದ್ರೆ ಜಾಮೀನು ನಿಲ್ಲೋರು. ಲೈನ್‌ಮನೆಯೋರಿಗೆ ಪಹಣಿ ಎಲ್ಲಿಂದ ಬರ್ಬೇಕು? ಪಹಣಿ ಇರೋರು ಸಿಕ್ಕಿದ್ರೂ ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಕುಟುಂಬದ ಜಮೀನು) ಆದ್ರೆ ಅದ್ರಲ್ಲಿ ಪಟ್ಟೆದಾರರು, ಕುಟುಂಬದೋರು ಅಂತ ಸಾಲು ಹೆಸರು, ಪ್ರಶ್ನೆ ಮೇಲೆ ಪ್ರಶ್ನೆ. ಬೇಲ್ ಆಗಿ ಏಳು ದಿನ ಆದ್ರೂ ಬಿಡುಗಡೆ ಆಗದಿದ್ರೆ ಜೈಲಿನೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸ್ಬೇಕು, ತಿಂಗಳಾದ್ರೂ ಬಾಂಡ್ ಕೊಡಕ್ಕಾಗದಿದ್ರೆ ಕೋರ್ಟು ಷರತ್ತು ಸಡಿಲಿಸೋದನ್ನ ತಾನಾಗೇ ಪರಿಶೀಲಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ನೀವು ತಿಂಗಳು ಕಾಯ್ಬೇಡಿ, ಎಂಟನೇ ದಿನವೇ ಮೆಮೊ ಹಾಕಿ. ಬಿಡುಗಡೆ ಆದೇಶ ಜೈಲಿಗೆ ತಲುಪ್ತಾ ಅಂತ ಫೋನ್ ಮಾಡಿ ಕೇಳಿ, ಮೈಸೂರಿಂದ ಸಂಜೆ ಹೊರಗೆ ಬಿಟ್ರೆ ಅವರ ಕೈಲಿ ಬಸ್ ಚಾರ್ಜ್ ಇದ್ಯಾ ಅಂತಲೂ ಮನೆಯೋರ ಹತ್ರ ಮೊದಲೇ ಮಾತಾಡಿಡಿ.