ಆಮೆಗೆ ಶೀತವಾದರೆ ಮೊದಲು ಶಾಖ, ಆಮೇಲೆ ಸೂಜಿ

ಹೋದ ವರ್ಷ ಧನುರ್ಮಾಸದ ಒಂದು ಬೆಳಿಗ್ಗೆ ನಮ್ಮ ಗುಂಡನ ಮೂಗಿನಲ್ಲಿ ಒಂದು ಗುಳ್ಳೆ ಕಂಡಿತು. ಸಾಸಿವೆ ಕಾಳಿನಷ್ಟು ಇರಬಹುದು. ಉಸಿರು ಬಿಟ್ಟಾಗ ಉಬ್ಬುತ್ತಿತ್ತು, ಎಳೆದುಕೊಂಡಾಗ ಒಳಗೆ ಹೋಗುತ್ತಿತ್ತು. ಇನ್ನೊಂದು ಹೊಳ್ಳೆ ಒಣಗಿದ ಸಿಂಬಳದಿಂದ ಮುಚ್ಚಿಹೋಗಿ, ಅದರ ಮೇಲೆ ಮಣ್ಣು ಮೆತ್ತಿಕೊಂಡಿತ್ತು. ಗುಂಡ ಅಂದರೆ ನಾಲ್ಕು ವರ್ಷದ ಸುಲ್ಕಾಟಾ ಆಮೆ. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ಅಂಚಿನ ಒಣ ನೆಲದ ಜಾತಿ. ಬೆಂಗಳೂರಿನ ತಂಗಿ ಮನೆಯವರು ಫ್ಲಾಟ್ ಬದಲಿಸುವಾಗ ಅವನನ್ನು ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದರು.

ಅದಕ್ಕೂ ನಾಲ್ಕು ದಿನ ಮೊದಲೇ ಅವನು ಸೊಪ್ಪು ತಿನ್ನೋದು ಬಿಟ್ಟಿದ್ದ. ಚಳಿಗಾಲ ಅಲ್ವಾ, ನಿದ್ದೆಗೆ ಕೂತಿದ್ದಾನೆ ಅಂದುಕೊಂಡು ನಾವು ಸುಮ್ಮನಿದ್ದೆವು. ಅದು ನಮ್ಮ ತಪ್ಪು. ಸುಲ್ಕಾಟಾ ಆಮೆ ಚಳಿಗಾಲದ ದೀರ್ಘ ನಿದ್ದೆಗೆ ಹೋಗುವ ಜಾತಿಯೇ ಅಲ್ಲ. ಅದು ಮಂಕಾಗಿ ಒಂದೇ ಮೂಲೆಯಲ್ಲಿ ಕೂತರೆ ಒಂದೋ ಅದಕ್ಕೆ ಚಳಿಯಾಗಿದೆ, ಇಲ್ಲವೇ ಕಾಯಿಲೆಯಾಗಿದೆ. ಬಹಳ ಸಲ ಎರಡೂ. ಆ ನಾಲ್ಕು ದಿನ ಬೇರೆ ಯಾರೂ ಕಳೆದುಕೊಳ್ಳಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಏನನ್ನು ನೋಡಬೇಕು

ಉಸಿರಾಡುವಾಗ ಆಮೆಯ ಮುಂಗಾಲು, ಕತ್ತು ಸ್ವಲ್ಪ ಒಳಗೆ ಹೊರಗೆ ಆಡುತ್ತವೆ. ಅದು ಸಹಜ, ಹೆದರಬೇಡಿ. ನೀರು ಕುಡಿದ ಮೇಲೆ ಮೂಗು ಒದ್ದೆಯಾಗಿ, ಸ್ವಲ್ಪ ಹೊತ್ತಿಗೆ ಒಣಗುವುದೂ ಸಹಜ. ಮೂಗಿನಿಂದ ಮತ್ತೆ ಮತ್ತೆ ನೀರು ಅಥವಾ ಗುಳ್ಳೆ ಬರುವುದು, ಕಣ್ಣು ಊದಿಕೊಳ್ಳುವುದು, ಉಸಿರಿನ ಜೊತೆ ಸಿಳ್ಳೆಯಂಥ ಅಥವಾ ಟಿಕ್ ಟಿಕ್ ಶಬ್ದ ಬರುವುದು ಕಾಯಿಲೆಯ ಗುರುತು. ಕತ್ತು ಮೇಲಕ್ಕೆ ಚಾಚಿ, ಬಾಯಿ ತೆರೆದು ಉಸಿರು ಎಳೆಯುತ್ತಿದ್ದರೆ ಕಾಯಿಲೆ ಶ್ವಾಸಕೋಶಕ್ಕೆ ಇಳಿದಿದೆ ಅಂತ ತಿಳಿದು ಅದೇ ದಿನ ಡಾಕ್ಟರ್ ಹತ್ತಿರ ಓಡಬೇಕು.

ಅಕ್ವೇರಿಯಂ ಅಂಗಡಿಯಿಂದ ತಂದ ಕೆಂಪು ಕಿವಿಯ ನೀರಾಮೆಯಾದರೆ ಇನ್ನೊಂದು ಗುರುತು ಇದೆ. ಅದು ಒಂದು ಪಕ್ಕಕ್ಕೆ ವಾಲಿಕೊಂಡು ತೇಲುತ್ತದೆ. ಶ್ವಾಸಕೋಶ ಎರಡೂ ಬೆನ್ನಿನ ಚಿಪ್ಪಿನ ಕೆಳಗೇ ಇವೆ. ಒಂದರಲ್ಲಿ ಕೀವು ತುಂಬಿದರೆ ಆ ಕಡೆ ಭಾರವಾಗುತ್ತದೆ.

ಆಮೆಯ ಶೀತವನ್ನು ನಮ್ಮ ನೆಗಡಿಯ ಹಾಗೆ ಬಿಡಲಾಗದು. ಅದಕ್ಕೆ ನಮ್ಮಂತೆ ಕೆಮ್ಮಲು ಬರುವುದಿಲ್ಲ. ಪಕ್ಕೆಲುಬು ಚಿಪ್ಪಿನಲ್ಲೇ ಬೆಸೆದುಕೊಂಡಿವೆ, ಎದೆಯ ಕೆಳಗೆ ವಪೆ ಅನ್ನುವ ಉಸಿರಾಟದ ಸ್ನಾಯುವಿನ ಪರದೆಯೂ ಇಲ್ಲ. ಒಳಗೆ ಸೇರಿದ ಕಫ ಅಲ್ಲೇ ಕೂತು ಗಟ್ಟಿಯಾಗುತ್ತದೆ.

ಹುಳು ಮನೆ ಕಲಿಸಿದ್ದು

ನಮ್ಮದು ರೇಷ್ಮೆ ಹುಳು ಮೇಯಿಸುವ ಮನೆ. ಚಾಕಿ ಹುಳುವಿಗೆ, ಅಂದರೆ ಎಳೇ ಹುಳುವಿಗೆ, 27–28 ಡಿಗ್ರಿ ಇರಬೇಕು ಅಂತ ರಾತ್ರಿ ಎದ್ದು ಥರ್ಮಾಮೀಟರ್ ನೋಡುವವರು ನಾವು. ಅದೇ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಸಿಮೆಂಟ್ ನೆಲದ ಮೇಲೆ ಗುಂಡ ರಾತ್ರಿ ಕಳೆಯುತ್ತಿದ್ದ. ಅವತ್ತು ಅಲ್ಲಿ ಥರ್ಮಾಮೀಟರ್ ಇಟ್ಟಾಗ 14 ಡಿಗ್ರಿ ತೋರಿಸಿತು. ನೆಲ ಬೇರೆ ಒದ್ದೆ.

ಆಮೆ ತನ್ನ ಮೈಯನ್ನು ತಾನೇ ಬೆಚ್ಚಗೆ ಮಾಡಿಕೊಳ್ಳಲಾರದು. ಸುತ್ತಲಿನ ಶಾಖ ಎಷ್ಟೋ ಮೈಯ ಶಾಖವೂ ಸುಮಾರಾಗಿ ಅಷ್ಟೇ. ಮೈ ತಣ್ಣಗಿದ್ದರೆ ರೋಗದ ಜೊತೆ ಹೋರಾಡುವ ಶಕ್ತಿ ಏಳುವುದಿಲ್ಲ, ತಿಂದದ್ದು ಅರಗುವುದಿಲ್ಲ, ಚುಚ್ಚಿದ ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಡಾಕ್ಟರ್ ಸಿಗುವ ಮೊದಲೇ ನಿಮ್ಮ ಕೈಲಿ ಆಗುವ ಚಿಕಿತ್ಸೆ ಅಂದರೆ ಶಾಖ.

ಆಮೆ ಆರಾಮಾಗಿ ತಿರುಗಾಡುವಷ್ಟು ದೊಡ್ಡ ಮರದ ಪೆಟ್ಟಿಗೆ ಅಥವಾ ದಪ್ಪ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ತಳಕ್ಕೆ ಹಳೇ ಪೇಪರ್ ಹಾಸಿ, ದಿನಾ ಬದಲಿಸಿ. ಮರದ ಹೊಟ್ಟು, ಮಣ್ಣು ಈಗ ಬೇಡ, ಧೂಳು ಮೂಗಿಗೆ ಹೋಗುತ್ತದೆ. ಒಂದು ತುದಿಯ ಮೇಲೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಬಲ್ಬ್ ತೂಗುಹಾಕಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ನಾವು 100 ವ್ಯಾಟಿನದು ತಂದೆವು. ಹೋಲ್ಡರ್ ಪಿಂಗಾಣಿಯದೇ ಆಗಬೇಕು, ಪ್ಲಾಸ್ಟಿಕ್ ಆದರೆ ಕರಗುತ್ತದೆ. ಬಲ್ಬು ರಟ್ಟಿಗಾಗಲಿ ಬಟ್ಟೆಗಾಗಲಿ ತಾಗದಂತೆ, ಚಿಪ್ಪಿಗಿಂತ ಒಂದೂವರೆ ಅಡಿ ಮೇಲಿರಲಿ. ಬಲ್ಬಿನ ಕೆಳಗೆ 32–33, ಇನ್ನೊಂದು ತುದಿಯಲ್ಲಿ 28 ಡಿಗ್ರಿ ಇದ್ದರೆ ಸರಿ. ಎಲ್ಲಿ ಬೇಕೋ ಅಲ್ಲಿಗೆ ಆಮೆಯೇ ಹೋಗುತ್ತದೆ. ರಾತ್ರಿ ಕೂಡ 27ಕ್ಕಿಂತ ಇಳಿಯಬಾರದು. ಹಗಲು ಬೆಚ್ಚಗಿಟ್ಟು ರಾತ್ರಿ ಬಲ್ಬ್ ಆರಿಸಿದರೆ ಪಟ್ಟ ಕಷ್ಟವೆಲ್ಲ ದಂಡ. ಥರ್ಮಾಮೀಟರನ್ನು ಗೋಡೆಗೆ ನೇತು ಹಾಕಬೇಡಿ, ಚಿಪ್ಪಿನ ಎತ್ತರಕ್ಕೆ ಇಡಿ.

ನಮ್ಮ ಕಡೆ ಕರೆಂಟು ಹೋಗುವುದು ಇದ್ದದ್ದೇ. ಬಾಟಲಿಗಳಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪೆಟ್ಟಿಗೆಯ ಒಂದು ಪಕ್ಕಕ್ಕೆ ಇಡುತ್ತಿದ್ದೆವು, ಮೇಲೆ ಕಂಬಳಿ ಅರ್ಧ ಮುಚ್ಚಿ. ಬಾಟಲಿ ಬಳಸುವಾಗ ಹೀಟರ್ ಸ್ವಿಚ್ ಆರಿಸಿರಬೇಕು. ಕಂಬಳಿ ಮುಚ್ಚಿರುವಾಗಲೇ ಕರೆಂಟು ಬಂದರೆ ಬೆಂಕಿಯ ಅಪಾಯ. ಇನ್ನೊಂದು ಮಾತು. ಹುಳು ಮನೆಯ ಇದ್ದಿಲು ಒಲೆಯನ್ನು ದಯವಿಟ್ಟು ಆಮೆಯ ಪಕ್ಕ ತರಬೇಡಿ. ಇದ್ದಿಲ ಹೊಗೆ, ಸೊಳ್ಳೆ ಬತ್ತಿ, ಸಾಂಬ್ರಾಣಿ ಯಾವುದೂ ಆ ಕೋಣೆಯಲ್ಲಿ ಬೇಡ. ನೀಲಗಿರಿ ಎಣ್ಣೆ, ನೆಗಡಿ ಮುಲಾಮು ಮೂಗಿಗೆ ಹಚ್ಚುವುದಂತೂ ಬೇಡವೇ ಬೇಡ. ನಮ್ಮ ಅಜ್ಜಿ ಪ್ರೀತಿಯಿಂದಲೇ ಮುಲಾಮಿನ ಡಬ್ಬಿ ತಂದಿದ್ದರು, ಕೈ ಹಿಡಿದು ತಡೆದೆ.

ನೀರಾಮೆಗೂ ಇದೇ ಲೆಕ್ಕ. ನೀರನ್ನು 27–28 ಡಿಗ್ರಿಗೆ ತಂದು, ಪೂರ್ತಿ ಒಣಗಿ ಕೂರಲು ಬೆಚ್ಚನೆಯ ಕಲ್ಲೊಂದನ್ನು ಇಡಿ. ತೀರಾ ಸುಸ್ತಾಗಿದ್ದರೆ ನೀರು ತಲೆ ಮುಳುಗದಷ್ಟೇ ಇರಲಿ.

ನೀರು ಕುಡಿಸುವುದು

ಸೊಪ್ಪು ತಿನ್ನದ ಆಮೆಗೆ ಮೊದಲು ಬೇಕಾದದ್ದು ನೀರು. ಅಗಲ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಮೊಣಕೈ ಇಟ್ಟರೆ ಹಿತವಾಗಿರಬೇಕು. ನೀರು ಗದ್ದದ ಕೆಳಗೇ ನಿಲ್ಲಲಿ. ದಿನಕ್ಕೊಮ್ಮೆ 15–20 ನಿಮಿಷ ಕೂರಿಸಿ, ಪಕ್ಕದಲ್ಲೇ ಇರಿ. ಸುಸ್ತಾದ ಆಮೆ ತಲೆ ಎತ್ತಲಾಗದೆ ಎರಡಿಂಚು ನೀರಿನಲ್ಲೂ ಮುಳುಗಬಹುದು. ಆಮೇಲೆ ಕಾಲಿನ ಸಂದಿಯನ್ನೂ ಬಿಡದೆ ಒರೆಸಿ ಪೆಟ್ಟಿಗೆಗೆ ಬಿಡಿ. ಮೂಗಿನ ಕೊಳೆಯನ್ನು ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ತೆಗೆಯಿರಿ, ಕಡ್ಡಿ ಹಾಕಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮಕ್ಕಳಿಗೆ ಅದು ಜಾಸ್ತಿ ತೊಂದರೆ. ಮನೆಯಲ್ಲಿ ಇನ್ನೊಂದು ಆಮೆ ಇದ್ದರೆ ಬೇರೆ ಕೋಣೆಗೆ.

ಡಾಕ್ಟರ್ ಹತ್ತಿರ

ನಮ್ಮ ಊರಿನ ಪಶುವೈದ್ಯರು ದನ, ಕುರಿ ನೋಡುವವರು. ಆಮೆಯನ್ನು ಹೆಚ್ಚು ನೋಡಿಲ್ಲ ಅಂತ ನೇರವಾಗಿ ಹೇಳಿದರು. ಅಂಥವರು ಸಿಕ್ಕಿದ್ದು ನಮ್ಮ ಪುಣ್ಯ. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ವೈದ್ಯರಿದ್ದಾರೆ. ನಮ್ಮ ಕಡೆಯಿಂದ ಹೋದರೆ ದಾರಿಯಲ್ಲೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಸಿಗುತ್ತದೆ. ಮೊದಲೇ ವಿಚಾರಿಸಿಕೊಂಡು ಹೋಗಿ. ಬೈಕಿನಲ್ಲಿ ಗಾಳಿಗೆ ಒಡ್ಡಬೇಡಿ. ಪೆಟ್ಟಿಗೆಯೊಳಗೆ ಬಿಸಿನೀರಿನ ಬಾಟಲಿ ಇಟ್ಟು, ಗಾಳಿಯಾಡಲು ತೂತು ಮಾಡಿ, ಬಸ್ಸಾದರೂ ಸರಿ ಕಾರಾದರೂ ಸರಿ.

ಹೋಗುವಾಗ ಮೂರು ವಿಷಯ ಕೈಯಲ್ಲಿರಲಿ: ಉಸಿರಾಡುವಾಗಿನ ಒಂದು ವಿಡಿಯೋ, ಅಡುಗೆಮನೆ ತಕ್ಕಡಿಯಲ್ಲಿ ನೋಡಿದ ತೂಕ, ರಾತ್ರಿ ಮಲಗುವ ಜಾಗದ ಡಿಗ್ರಿ. ಎಕ್ಸ್‌ರೇ ಬೇಕಾಗಬಹುದು. ನಮ್ಮ ಗುಂಡನಿಗೆ ಮೂರು ದಿನಕ್ಕೊಂದರಂತೆ ಏಳು ಇಂಜೆಕ್ಷನ್ ಬರೆದರು. ದಿನಾ ಯಾಕಿಲ್ಲ ಅಂತ ಕೇಳಿದೆ. ಆಮೆಯ ಮೈಯಿಂದ ಆ ಔಷಧಿ ನಿಧಾನವಾಗಿ ಹೊರಹೋಗುತ್ತದೆ, ಅದಕ್ಕೇ ಅಂತರ ಅಂದರು. ಸೂಜಿ ಚುಚ್ಚಿದ್ದು ಮುಂಗಾಲಿಗೆ. ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡದ ಕಡೆ ಹಾದುಹೋಗುವುದರಿಂದ ಸಾಮಾನ್ಯವಾಗಿ ಮುಂಭಾಗವನ್ನೇ ಆರಿಸುತ್ತಾರೆ. ಎರಡನೇ ಸೂಜಿಗೇ ಗುಳ್ಳೆ ನಿಂತಿತು. ಆದರೂ ಏಳೂ ಮುಗಿಸಿದೆವು. ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮತ್ತೆ ತಿರುಗಿ ಬರುತ್ತದೆ, ಆಗ ಅದೇ ಔಷಧಿ ಕೆಲಸ ಮಾಡದೇ ಹೋಗಬಹುದು.

ದನಕರು ಇರುವ ಮನೆಗಳಲ್ಲಿ ಉಣ್ಣೆಗೆ, ಜಂತುಹುಳುವಿಗೆ ಅಂತ ಐವರ್ಮೆಕ್ಟಿನ್ ಇಟ್ಟಿರುತ್ತಾರೆ. ಅದು ಆಮೆಗೆ ವಿಷ. ಒಂದು ಹನಿಯನ್ನೂ ಕೊಡಬೇಡಿ. ನಾಯಿಗೆ ತಂದ ಮಾತ್ರೆ, ನಮ್ಮ ಜ್ವರದ ಮಾತ್ರೆ ಕೂಡ ಬೇಡ. ಊದಿದ ಕಣ್ಣು ಕಂಡು ವಿಟಮಿನ್ ಎ ಇಂಜೆಕ್ಷನ್ ಹಾಕಿಸಿ ಅಂತ ಯಾರಾದರೂ ಹೇಳಬಹುದು. ಬರೀ ಒಣ ಸೀಗಡಿ ತಿಂದು ಬೆಳೆದ ನೀರಾಮೆಗೆ ಆ ಕೊರತೆ ಆಗುವುದು ನಿಜ, ಆದರೆ ಜಾಸ್ತಿಯಾದರೆ ಚರ್ಮವೇ ಸುಲಿಯುತ್ತದೆ. ಅದನ್ನು ಡಾಕ್ಟರೇ ತೀರ್ಮಾನಿಸಲಿ.

ತಿನ್ನಲು

ಬಲವಂತವಾಗಿ ತುರುಕಬೇಡಿ. ಮೈ ಬೆಚ್ಚಗಾಗಿ, ನೀರು ಸೇರಿದ ಮೇಲೆ ಹಸಿವು ತಾನಾಗಿ ಬರುತ್ತದೆ. ಸುಲ್ಕಾಟಾಕ್ಕೆ ನಮ್ಮ ಸೀಮೆಯಲ್ಲಿ ಊಟಕ್ಕೇನು ಬರ? ಗರಿಕೆ ಹುಲ್ಲು, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ, ಎಲ್ಲಕ್ಕಿಂತ ಮೇಲಾಗಿ ಹಿಪ್ಪುನೇರಳೆ ಸೊಪ್ಪು. ಹುಳುವಿಗೆ ಕೊಯ್ದ ಸೊಪ್ಪಿನ ಬಗ್ಗೆ ನನಗೆ ಧೈರ್ಯ ಜಾಸ್ತಿ. ಅದಕ್ಕೆ ಔಷಧಿ ಹೊಡೆದಿದ್ದರೆ ಹುಳುವೇ ಉಳಿಯುವುದಿಲ್ಲವಲ್ಲ. ಅಂಗಡಿಯ ಕೋಸು, ಟೊಮೆಟೊ, ಅನ್ನ, ಬ್ರೆಡ್ಡು ಬೇಡ.

ತೂಕವನ್ನು ಮೂರು ದಿನಕ್ಕೊಮ್ಮೆ ಕ್ಯಾಲೆಂಡರಿನಲ್ಲೇ ಬರೆಯಿರಿ. ಕಾಯಿಲೆಗೆ ಮೊದಲು 1 ಕೆಜಿ 800 ಗ್ರಾಂ ಇದ್ದ ಗುಂಡ 1 ಕೆಜಿ 650 ಗ್ರಾಂಗೆ ಇಳಿದಿದ್ದ. ಹನ್ನೊಂದನೇ ದಿನ ಬೆಳಿಗ್ಗೆ ಹಿಪ್ಪುನೇರಳೆಯ ಒಂದು ಎಳೇ ಎಲೆಯನ್ನು ಮೂಸಿ, ತುದಿ ಕಚ್ಚಿ, ಎಳೆದ. ಹರಿದ ಎಲೆಯ ಶಬ್ದ ಕೇಳಿ ಮನೆಮಂದಿಯೆಲ್ಲ ಪೆಟ್ಟಿಗೆಯ ಸುತ್ತ ಬಂದು ನಿಂತರು.

ಕಾಗದ ಮತ್ತು ಕಾನೂನು

ಸುಲ್ಕಾಟಾ ವಿದೇಶಿ ಜಾತಿ. ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಆದರೆ ಚಿಕ್ಕಬಳ್ಳಾಪುರ, ಕೋಲಾರದ ಕುರುಚಲು ಕಾಡಿನಲ್ಲಿ ಕಾಣುವ ನಕ್ಷತ್ರ ಆಮೆಯನ್ನು ಮನೆಗೆ ತರುವಂತೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಹೊಲದಲ್ಲಿ ಮೂಗು ಸೋರುವ ನಕ್ಷತ್ರ ಆಮೆ ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಬರುವವರೆಗೆ ಅದನ್ನು ನೆರಳಿರುವ ಜಾಗದಲ್ಲಿ ಕಾಯಿರಿ.

ಸಾಕಿದ ಆಮೆ ಕಾಯಿಲೆ ಬಿತ್ತು ಅಂತ ಬೆಟ್ಟಕ್ಕೋ ಕೆರೆಗೋ ಬಿಡಬೇಡಿ. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಮೂಗಿನ ಸಿಂಬಳದಿಂದ ಆಮೆಯಿಂದ ಆಮೆಗೆ ಹರಡುತ್ತದೆ. ಅಮೆರಿಕದ ಮೊಹಾವೆ ಮರುಭೂಮಿಯ ಕಾಡು ಆಮೆಗಳು ಇದೇ ಕಾಯಿಲೆಯಿಂದ ನರಳಿವೆ. ಚೇತರಿಸಿಕೊಂಡಂತೆ ಕಾಣುವ ಆಮೆಯೂ ಅದನ್ನು ಒಳಗೇ ಹೊತ್ತಿರಬಹುದು.

ಸೂಜಿ ಮುಗಿದ ಮೇಲೂ ಒಂದು ತಿಂಗಳು ಗುಂಡ ಪೆಟ್ಟಿಗೆಯಲ್ಲೇ ಮಲಗಿದ. ಆಮೇಲೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಎರಡು ಗಂಟೆ ಹಿತ್ತಲು. ಕಿಟಕಿ ಗಾಜಿನ ಹಿಂದಿನ ಬಿಸಿಲಿಂದ ಚಿಪ್ಪಿಗೆ ಬೇಕಾದ ಯುವಿಬಿ (ಬಿಸಿಲಿನ ನೇರಳಾತೀತ ಕಿರಣ) ಸಿಗದು, ಹೊರಗೇ ಬಿಡಬೇಕು. ನೆರಳೂ ಇರಬೇಕು. ಒಗೆಯುವ ಕಲ್ಲಿನ ಪಕ್ಕದ ಜಾಗಕ್ಕೆ ಈಗ ಬೇಲಿ ಹಾಕಿದ್ದೇವೆ. ಈ ಸಲ ಕಾರ್ತಿಕ ಕಳೆಯುವ ಮೊದಲೇ ಬಲ್ಬು ತೂಗುಹಾಕಿ ಆಯಿತು. ಹುಳು ಮನೆಯ ಡಿಗ್ರಿ ನೋಡಿ ಬರುವಾಗ ಅಮ್ಮ ಗುಂಡನ ಪೆಟ್ಟಿಗೆಯದನ್ನೂ ನೋಡಿಕೊಂಡೇ ಬಂದು ಮಲಗುತ್ತಾರೆ.